ಮಂದ್ರಕ್ಕೆ ಎಷ್ಟು ಅಂಕ?

ಹಿಂದಿನ ವರ್ಷದ ರಾಜ್ಯೋತ್ಸವಕ್ಕೆ ದೆಹಲಿಯ ನಮ್ಮ ಬಳಗದವರು ಮಕ್ಕಳಿಗಾಗಿ ಸಮೂಹಗೀತೆಯ ಸ್ಪರ್ಧೆಯೊಂದನ್ನು ಏರ್ಪಡಿಸಿದ್ದರು. ತೀರ್ಪುಗಾರರ ಸ್ಥಾನದಲ್ಲಿ ಕೂರಬೇಕೆಂದು ಕೇಳಿದಾಗ, ಸಂಗೀತದಲ್ಲಿ ನಮ್ಮ ಪ್ರವೇಶ ಕೇಳುಗರ ಸಾಲಿನವರೆಗೆ ಮಾತ್ರ ಎಂದು ಹೇಳಿ ತಪ್ಪಿಸಿಕೊಳ್ಳಲು ನೋಡಿದೆವು. ಆದರೆ ಇಂಗ್ಲಿಷ್ ಎಂ.ಎ. ಮಾಡಿ ಕೇಂದ್ರ ಸರ್ಕಾರದ ಕಡತಗಳ ಮೇಲೆ ಷರಾ ಬರೆಯುವವರಿಗೆ ಲೋಕದ ಯಾವ ವಿಷಯದ ಮೇಲಾದರೂ ಷರಾ ಬರೆಯುವ ಯೋಗ್ಯತೆ ಇದ್ದೇ ಇರುತ್ತದೆಂಬ ನಂಬಿಕೆ ಹೊರನಾಡಿನ ಕನ್ನಡಿಗರಲ್ಲಿ ಗಟ್ಟಿಯಾಗಿದೆ. ಕೂತೆವು.

ಮೂರನೆಯ ತಂಡದಲ್ಲಿ ಐವರು ಮಕ್ಕಳಿದ್ದರು. ನಾಲ್ವರು ಹುಡುಗಿಯರು ಮೇಲಿನ ಸ್ಥಾಯಿಯಲ್ಲಿ ಚೆನ್ನಾಗಿ ಹಾಡಿದರು. ಧ್ವನಿ ಒಡೆಯುತ್ತಿದ್ದ ಹದಿನಾಲ್ಕರ ಹುಡುಗನೊಬ್ಬ ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದಂತೆ ನಮಗೆ ಕಂಡಿತು. ‘ಒಬ್ಬರ ದನಿ ಕೇಳಿಸಲಿಲ್ಲ’ ಎಂದು ಬರೆದು ಎರಡು ಅಂಕ ಕಳೆದೆವು. ಬಹುಮಾನ ವಿತರಣೆಯ ಬಳಿಕ ಆ ಹುಡುಗನ ತಾಯಿ ಬಳಿಗೆ ಬಂದರು. ಜಗಳಕ್ಕೆ ಬಂದವರಲ್ಲ. ‘ಸರ್, ಅವನು ಕೆಳಗಿನ ಸ್ಥಾಯಿಯಲ್ಲಿ ಹಾಡ್ತಿದ್ದ. ಅವನಿಲ್ಲದೆ ಆ ನಾಲ್ಕು ಜನ ಹಾಡಿದ್ರೆ ಹೇಗಿರ್ತಿತ್ತು ಅಂತ ನೀವು ಕೇಳಿಲ್ಲ, ಅಲ್ವಾ?’ ಎಂದಷ್ಟೇ ಕೇಳಿದರು. ಇಲ್ಲ, ಕೇಳಿರಲಿಲ್ಲ. ಅಷ್ಟರಲ್ಲಿ ಅಂಕಪಟ್ಟಿಗೆ ಮೂವರ ಸಹಿಯೂ ಬಿದ್ದಾಗಿತ್ತು.

ಆ ವಾರ ಅಮೆರಿಕದ ಇಂಡಿಯಾನಾದಲ್ಲಿರುವ ತಂಗಿಯ ಮಗನೊಡನೆ ಫೋನಿನಲ್ಲಿ ಮಾತಾಡುವಾಗ ಈ ಸಂಗತಿ ಬಂತು. ಅವನು ಅಲ್ಲಿನ ಶಾಲೆಯ ಬ್ಯಾಂಡಿನಲ್ಲಿ ಮೂರು ವರ್ಷ ಟ್ಯೂಬಾ ನುಡಿಸಿದವನು. ‘ಇದು ನಮ್ಮ ಸಾಲಿನವರ ಹಳೇ ಗೋಳು ಮಾವ, ಡ್ರಮ್ ಕೋರ್‌ಗಳ ಚರಿತ್ರೆ ಓದಿ ನೋಡಿ’ ಎಂದು ನಕ್ಕ. ಓದಿದೆವು, ಧ್ವನಿಮುದ್ರಣಗಳನ್ನು ಕೇಳಿದೆವು. ಒಂದು ದೇಶದ ಜನ ಐವತ್ತು ಅರುವತ್ತು ವರ್ಷಗಳ ಕಾಲ ‘ತಪ್ಪನ್ನು ಎಣಿಸುವುದೇ ಬೆಲೆ ಕಟ್ಟುವುದು’ ಎಂದು ನಂಬಿ, ಅನಂತರ ಆ ನಂಬಿಕೆಯನ್ನು ಕೈಬಿಟ್ಟ ಕಥೆ ಅದು.

ಡ್ರಮ್ ಕೋರ್ ಎಂಬುದರಲ್ಲಿನ ‘ಕೋರ್’ ನಮ್ಮ ಎನ್.ಸಿ.ಸಿ.ಯ ಕೊನೆಯ ‘ಸಿ’ಯೇ. ಹದಿಹರೆಯದವರೂ ಇಪ್ಪತ್ತರ ಆಸುಪಾಸಿನವರೂ ಸೇರಿ ಕಟ್ಟುವ ತಂಡ. ಕೊಳಲು, ಕ್ಲಾರಿನೆಟ್ ಮೊದಲಾದವುಗಳಿಗೆ ಅಲ್ಲಿ ಪ್ರವೇಶವಿಲ್ಲ. ಹಿತ್ತಾಳೆಯ ವಾದ್ಯಗಳು, ತಾಳವಾದ್ಯಗಳು, ಬಾವುಟ ಬೀಸುವವರು, ಇಷ್ಟೇ. ಬೇಸಿಗೆಯ ರಜೆಯಲ್ಲಿ ಬಸ್ಸುಗಳಲ್ಲಿ ಊರೂರು ತಿರುಗಿ, ಶಾಲೆಗಳ ವ್ಯಾಯಾಮಶಾಲೆಯ ನೆಲದ ಮೇಲೆ ಮಲಗಿ, ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಹನ್ನೆರಡು ನಿಮಿಷದ ಆಸುಪಾಸಿನ ಒಂದೇ ಪ್ರದರ್ಶನವನ್ನು ಮತ್ತೆ ಮತ್ತೆ ನೀಡುತ್ತಾರೆ. ನುಡಿಸುತ್ತ ನಡೆಯುತ್ತಾರೆ, ಓಡುತ್ತಾರೆ, ಆಕೃತಿಗಳನ್ನು ಕಟ್ಟಿ ಕರಗಿಸುತ್ತಾರೆ. ಪ್ರತಿ ರಾತ್ರಿಯೂ ಅಂಕ ಬೀಳುತ್ತದೆ.

ಇದರ ಮೂಲ ಸೈನ್ಯದಲ್ಲಿದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘವನ್ನು ಕಟ್ಟಿಕೊಂಡರು. ಊರೂರಿನ ಶಾಖೆಗಳು ಬ್ಯೂಗಲ್ ಮತ್ತು ಡ್ರಮ್‌ಗಳ ತಂಡಗಳನ್ನು ಹುಟ್ಟುಹಾಕಿದವು. 1921ರ ಹೊತ್ತಿಗೆ ರಾಷ್ಟ್ರಮಟ್ಟದ ಸ್ಪರ್ಧೆಯೇ ಆರಂಭವಾಯಿತು. ವೆಟರನ್ಸ್ ಆಫ್ ಫಾರಿನ್ ವಾರ್ಸ್ ಎಂಬ ಮತ್ತೊಂದು ಸಂಘವೂ ಇದೇ ಹಾದಿ ಹಿಡಿಯಿತು. ಮುಂದೆ ಸೈನಿಕರ ಮಕ್ಕಳು, ನೆರೆಹೊರೆಯ ಹುಡುಗರು, ಚರ್ಚು ಮತ್ತು ಸ್ಕೌಟ್ ದಳಗಳ ಹುಡುಗರು ಈ ತಂಡಗಳನ್ನು ತುಂಬಿದರು. ಹುಡುಗಿಯರಿಗೆ ಅನೇಕ ತಂಡಗಳ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು, ಅದು ಬೇರೆಯೇ ಒಂದು ಪ್ರಬಂಧದ ವಸ್ತು.

ಸೈನಿಕರು ಕಟ್ಟಿದ ಸ್ಪರ್ಧೆಯಲ್ಲಿ ತೀರ್ಪು ಕೊಡುವ ಬಗೆಯೂ ಸೈನಿಕರದೇ ಆಗಿತ್ತು. ಕವಾಯತಿನ ಹವಾಲ್ದಾರನಿಗೆ ಹೆಜ್ಜೆ ಚೆನ್ನಾಗಿ ಬಿದ್ದದ್ದು ಕಾಣುವುದಿಲ್ಲ, ತಪ್ಪಿ ಬಿದ್ದದ್ದು ಮಾತ್ರ ಕಾಣುತ್ತದೆ. ತಂಡಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿ, ಬೂಟು, ಪಟ್ಟಿಗಳನ್ನು ಪರಿಶೀಲಿಸುತ್ತಿದ್ದರು. ರಾಷ್ಟ್ರಧ್ವಜಕ್ಕೆ ವಂದನೆ ಸಲ್ಲಿಸುವುದು ಪ್ರದರ್ಶನದ ಕಡ್ಡಾಯ ಭಾಗ. ಆಮೇಲೆ ತೀರ್ಪುಗಾರರು ಕೈಯಲ್ಲಿ ರಟ್ಟಿನ ಹಲಗೆ, ಪೆನ್ಸಿಲು ಹಿಡಿದು ಮೈದಾನಕ್ಕೇ ಇಳಿಯುತ್ತಿದ್ದರು. ಸಾಲಿನ ಮುಂದೆ ನಡೆಯುತ್ತ, ಬ್ಯೂಗಲ್ಲಿನ ಬಾಯಿಗೆ ಕಿವಿಯೊಡ್ಡುತ್ತ, ಸ್ವರವೊಂದು ಬಿರಿದರೆ ಒಂದು ಗೀಟು, ಇಬ್ಬರು ಒಟ್ಟಿಗೆ ಎತ್ತಿಕೊಳ್ಳದಿದ್ದರೆ ಇನ್ನೊಂದು ಗೀಟು. ಈ ಗೀಟಿಗೆ ‘ಟಿಕ್’ ಎಂದು ಹೆಸರು. ಒಂದು ಟಿಕ್ಕಿಗೆ ಅಂಕದ ಹತ್ತನೆಯ ಒಂದು ಭಾಗ ಕಡಿತ. ತಂಡ ಪೂರ್ಣಾಂಕದೊಂದಿಗೆ ಮೈದಾನಕ್ಕೆ ಇಳಿಯುತ್ತಿತ್ತು. ಅಲ್ಲಿಂದ ಮುಂದೆ ಆಗುವುದೆಲ್ಲ ನಷ್ಟವೇ. ಒಟ್ಟು ಪರಿಣಾಮಕ್ಕೆಂದು ಬೇರೆ ಅಂಕಗಳಿದ್ದವು ನಿಜ, ಆದರೆ ವಾದನದ ಶುದ್ಧಿಯನ್ನು ಅಳೆಯುತ್ತಿದ್ದದ್ದು ಟಿಕ್ಕು.

ಈ ಪದ್ಧತಿಯನ್ನು ಲೇವಡಿ ಮಾಡುವುದು ಸುಲಭ. ಆದರೆ ಅದರಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇತ್ತೆಂಬುದನ್ನು ಒಪ್ಪಬೇಕು. ತೀರ್ಪುಗಾರನಿಗೆ ನಿಮ್ಮ ಹಾಡು ಇಷ್ಟವೋ ಇಲ್ಲವೋ ಎಂಬುದಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಬಡಾವಣೆಯ ಬಡ ಹುಡುಗರ ತಂಡಕ್ಕೂ ಹಣವಂತ ಶಾಖೆಯ ತಂಡಕ್ಕೂ ಬಿರಿದ ಸ್ವರದ ದರ ಒಂದೇ. ಹಳೆಯ ತಲೆಮಾರಿನ ಕೋರ್‌ಪ್ರಿಯರಲ್ಲಿ ಇಂದಿಗೂ ಟಿಕ್ಕಿಗೆ ಹಂಬಲಿಸುವವರು ಇದ್ದಾರೆ, ಅವರನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಪ್ರಶ್ನೆ ಮಂದ್ರದ್ದು. ಮೊದಲ ಹತ್ತು ವರ್ಷ ಈ ತಂಡಗಳಲ್ಲಿ ಮಂದ್ರವೆಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಸೈನ್ಯದ ಬ್ಯೂಗಲ್ ಒತ್ತುಗುಂಡಿಗಳಿಲ್ಲದ ಬರಿಯ ಕೊಳವೆ. ಪಾಶ್ಚಾತ್ಯರ ‘ಜಿ’ ಸ್ವರವನ್ನು ಷಡ್ಜವಾಗಿ ಇಟ್ಟುಕೊಂಡ ಆ ಕೊಳವೆಯಿಂದ ಸಾಮಾನ್ಯ ವ್ಯಾಪ್ತಿಯಲ್ಲಿ ಹೊರಡುವುದು ಸ, ಪ, ಮತ್ತೆ ಸ, ಗ, ಪ. ಕರೆ ಕೊಡಲು ಇಷ್ಟು ಸಾಕು, ಹಾಡಲು ಸಾಲದು. 1920ರ ದಶಕದ ಕೊನೆಗೆ ಲುಡ್ವಿಗ್ ಎಂಬ ವಾದ್ಯ ತಯಾರಕರು ಅಡ್ಡವಾಗಿ ಒತ್ತುವ ಒಂದು ಪಿಸ್ಟನ್ ಇರುವ ಬ್ಯೂಗಲ್ ತಂದರು. ಒತ್ತಿದರೆ ಕೊಳವೆ ಉದ್ದವಾಗಿ ಇಡೀ ಸ್ವರಸರಣಿ ಕೆಳಗಿನ ಪಂಚಮಕ್ಕೆ ಇಳಿಯುತ್ತದೆ, ರಿಷಭವೂ ನಿಷಾದವೂ ಕೈಗೆ ಸಿಗುತ್ತವೆ. ಮಧ್ಯಮ ಮಾತ್ರ ಆಗಲೂ ಇಲ್ಲ. ಅದೇ ಸುಮಾರಿಗೆ, ಒಂದು ಸ್ಥಾಯಿ ಕೆಳಗೆ ನುಡಿಯುವ ಬ್ಯಾರಿಟೋನ್ ಬ್ಯೂಗಲ್ಲೂ ಬಂತು. ಮುಂದೆ ತಿರುಗುವ ರೋಟರ್ ಕವಾಟ ಸೇರಿದ ಮೇಲೆ ಇನ್ನಷ್ಟು ಸ್ವರಗಳು ದಕ್ಕಿದವು. ಅದಕ್ಕೂ ಒಂದು ಸ್ಥಾಯಿ ಕೆಳಗಿನದು, ಹೆಗಲ ಮೇಲೆ ಫಿರಂಗಿಯಂತೆ ಹೊತ್ತು ನುಡಿಸುವ ಕಾಂಟ್ರಾಬಾಸ್ ಬ್ಯೂಗಲ್, ಬಂದದ್ದು 1960ರ ದಶಕದ ಆರಂಭದಲ್ಲಿ. ಅಂದರೆ ಸ್ಪರ್ಧೆ ಹುಟ್ಟಿ ನಲವತ್ತು ವರ್ಷವಾದ ಮೇಲೆ ಅದಕ್ಕೆ ನಿಜವಾದ ತಳಪಾಯ ಬಿತ್ತು. ತೀರ್ಪಿನ ಪದ್ಧತಿ ಅಷ್ಟು ಹೊತ್ತಿಗೆ ಮೇಲಿನ ಸ್ಥಾಯಿಯ ಬ್ಯೂಗಲ್ಲುಗಳ ಅಳತೆಗೆ ಹೊಲಿದ ಅಂಗಿಯಾಗಿಬಿಟ್ಟಿತ್ತು.

ಟಿಕ್ ಹಾಕುವವನು ಮಂದ್ರದ ಸಾಲಿನ ಮುಂದೆ ನಿಂತಾಗ ಏನು ಕೇಳುತ್ತಾನೆ? ಕಾಂಟ್ರಾಬಾಸಿನ ಒಂದು ತಗ್ಗಿನ ‘ಜಿ’ ಸ್ವರಕ್ಕೆ ಸೆಕೆಂಡಿಗೆ 49 ಕಂಪನಗಳು. ಸೊಪ್ರಾನೋ ಬ್ಯೂಗಲ್ಲಿನ ‘ಜಿ’ಗೆ 392. ಸೊಪ್ರಾನೋದ ಒಂದು ಅಲೆ ಮುಗಿಯಲು ಸೆಕೆಂಡಿನ ಸಾವಿರದಲ್ಲಿ ಎರಡೂವರೆ ಪಾಲು ಸಾಕು, ಕಾಂಟ್ರಾಬಾಸಿಗೆ ಇಪ್ಪತ್ತು ಪಾಲು ಬೇಕು. ಸ್ವರವೊಂದು ಸ್ವರವೆಂದು ಕಿವಿಗೆ ಮನವರಿಕೆಯಾಗಬೇಕಾದರೆ ಕೆಲವು ಅಲೆಗಳಾದರೂ ಮುಟ್ಟಬೇಕು. ಆದ್ದರಿಂದ ಮಂದ್ರದ ‘ಎತ್ತುಗಡೆ’ ಸ್ವಭಾವತಃ ತಡವಾಗಿ ಕೇಳಿಸುತ್ತದೆ. ಅರ್ಧ ಸ್ವರ ತಪ್ಪಿದರೆ ಮೇಲೆ 23 ಕಂಪನಗಳ ವ್ಯತ್ಯಾಸ, ಕೆಳಗೆ ಮೂರಕ್ಕೂ ಕಡಿಮೆ. ಕಿವಿ ಅನುಪಾತವನ್ನು ಹಿಡಿಯುತ್ತದೆ, ಸಂಖ್ಯೆಯನ್ನಲ್ಲ ಎಂಬುದು ನಿಜವೇ. ಆದರೂ ಅಷ್ಟು ಆಳದಲ್ಲಿ ಶ್ರುತಿಯ ಸೂಕ್ಷ್ಮವನ್ನು ಗುರುತಿಸುವುದು ಪಳಗಿದ ಕಿವಿಗೂ ಕಷ್ಟ. ಇನ್ನು ದಿಕ್ಕು. ಮೇಲಿನ ಸ್ವರ ಬಾಣದಂತೆ ನೇರ ಹೋಗುತ್ತದೆ, ಕೆಳಗಿನದು ನೀರಿನಂತೆ ಎಲ್ಲೆಡೆ ಹರಡುತ್ತದೆ. ಜನವರಿ ಕೊನೆಯಲ್ಲಿ ವಿಜಯ್ ಚೌಕದ ಬೀಟಿಂಗ್ ರಿಟ್ರೀಟಿನ ಪೂರ್ವಾಭ್ಯಾಸಕ್ಕೆ ಹೋದವರಿಗೆಲ್ಲ ಇದರ ಅನುಭವವಿರುತ್ತದೆ. ಟ್ರಂಪೆಟ್ ಎಲ್ಲಿಂದ ಬಂತೆಂದು ಬೆರಳು ತೋರಬಹುದು, ಟ್ಯೂಬಾ ಎಲ್ಲಿಂದ ಬಂತೆಂದರೆ ಕುರ್ಚಿಯ ಕೆಳಗಿನಿಂದ ಎನ್ನಬೇಕು.

ಹೀಗಾಗಿ ಟಿಕ್ಕಿನ ಲೋಕದಲ್ಲಿ ಮಂದ್ರದವರ ಸ್ಥಿತಿ ವಿಚಿತ್ರವಾಗಿತ್ತು. ಹತ್ತು ಕಿಲೋಗಿಂತ ಹೆಚ್ಚು ತೂಗುವ ಲೋಹವನ್ನು ಹೆಗಲಿಗೇರಿಸಿ ನಡೆಯುತ್ತ ಅವರು ಮಾಡುವ ತಪ್ಪುಗಳಲ್ಲಿ ಎಷ್ಟೋ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಅವರು ಮಾಡುವ ಉಪಕಾರವಂತೂ ಲೆಕ್ಕದಲ್ಲೇ ಇರಲಿಲ್ಲ, ಏಕೆಂದರೆ ಉಪಕಾರಕ್ಕೆ ಹಾಳೆಯ ಮೇಲೆ ಅಂಕಣವಿರಲಿಲ್ಲ. ಚತುರರಾದ ಸಂಯೋಜಕರಿಗೆ ಇದು ಅರ್ಥವಾಗದೆ ಇರುತ್ತದೆಯೇ? ಎಲ್ಲಿ ಕಷ್ಟವನ್ನು ಬರೆದರೆ ಟಿಕ್ಕು ಬೀಳುತ್ತದೋ ಅಲ್ಲಿ ಸುಲಭವನ್ನು ಬರೆ ಎಂಬುದು ಆ ಪದ್ಧತಿ ಕಲಿಸುವ ಪಾಠ. ಮಾಡದ ಸಾಹಸಕ್ಕೆ ದಂಡವಿಲ್ಲ. ತಪ್ಪೆಣಿಸುವ ಪದ್ಧತಿಯ ಮೇಲೆ ಅಲ್ಲಿನವರೇ ಹೊರಿಸಿದ ದೊಡ್ಡ ಆರೋಪ ಇದೇ.

ಸರ್ಕಾರಿ ನೌಕರರಾದ ನಮಗೆ ಈ ಜಾಗದಲ್ಲಿ ಒಂದು ಅಡ್ಡಮಾತು ತಡೆಯಲಾಗುತ್ತಿಲ್ಲ. ನಾವು ಸೇವೆಗೆ ಸೇರಿದಾಗ ‘ವಾರ್ಷಿಕ ಗೌಪ್ಯ ವರದಿ’ ಎಂಬುದೊಂದಿತ್ತು. ಮೇಲಧಿಕಾರಿ ನಮ್ಮ ಬಗ್ಗೆ ವರ್ಷಕ್ಕೊಮ್ಮೆ ಏನು ಬರೆದರೆಂಬುದು ಸಾಮಾನ್ಯವಾಗಿ ನಮಗೆ ತಿಳಿಯುತ್ತಿರಲಿಲ್ಲ. ಪ್ರತಿಕೂಲ ಷರಾ ಇದ್ದರೆ ಮಾತ್ರ ತಿಳಿಸುತ್ತಿದ್ದರು. ಅದೂ ಟಿಕ್ಕೇ ಅಲ್ಲವೇ? 2008ರಲ್ಲಿ ದೇವ್ ದತ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಒಳ್ಳೆಯದಿರಲಿ ಕೆಟ್ಟದಿರಲಿ ಎಲ್ಲ ಷರಾಗಳನ್ನೂ ನೌಕರನಿಗೆ ತಿಳಿಸಬೇಕೆಂದಿತು. ಮರುವರ್ಷ ವರದಿಯ ಹೆಸರು ಬದಲಾಯಿತು, ‘ಗೌಪ್ಯ’ ಎಂಬ ಮಾತು ಹೋಯಿತು, ವರದಿ ಪೂರ್ತಿಯಾಗಿ ನಮ್ಮ ಕೈಗೆ ಬರತೊಡಗಿತು. ಆಗ ಮೊದಲ ಬಾರಿಗೆ, ವರ್ಷಗಟ್ಟಲೆ ಟಪ್ಪಾಲು ವಿಭಾಗದಲ್ಲಿ ಒಂದು ಕಾಗದವನ್ನೂ ಕಳೆಯದ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ವರದಿಯಲ್ಲಿ ‘ವಿಶೇಷವೇನೂ ಇಲ್ಲ’ ಎಂಬ ಅರ್ಥದ ಷರಾ ಓದಿ, ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ನಾವು ಕಂಡಿದ್ದೇವೆ.

ಮೈದಾನಕ್ಕೆ ಮರಳೋಣ. 1971ರ ಹೊತ್ತಿಗೆ ಮುಂಚೂಣಿಯ ತಂಡಗಳಿಗೆ ಮಾಜಿ ಸೈನಿಕರ ಸಂಘಗಳ ನಿಯಮಗಳು ಉಸಿರುಗಟ್ಟಿಸತೊಡಗಿದ್ದವು. ಯಾವ ಊರಿನಲ್ಲಿ ಸ್ಪರ್ಧೆ, ಯಾರು ತೀರ್ಪುಗಾರರು, ತಂಡಕ್ಕೆ ಎಷ್ಟು ಹಣ ಎಂಬುದೆಲ್ಲ ಬೇರೆಯವರ ಕೈಯಲ್ಲಿತ್ತು. ಷಿಕಾಗೋದ ಕ್ಯಾವಲಿಯರ್ಸ್ ತಂಡದ ಡಾನ್ ವಾರೆನ್, ವಯೋಮಿಂಗ್‌ನ ಟ್ರೂಪರ್ಸ್ ತಂಡದ ಜಿಮ್ ಜೋನ್ಸ್ ಮೊದಲಾದವರ ಮುಂದಾಳ್ತನದಲ್ಲಿ ತಂಡಗಳು ಒಗ್ಗೂಡಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದವು. 1972ರ ಆಗಸ್ಟಿನಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ನಡೆದ ಮೊದಲ ಚಾಂಪಿಯನ್‌ಷಿಪ್ಪನ್ನು ಅನಾಹೈಮ್ ಕಿಂಗ್ಸ್‌ಮೆನ್ ಗೆದ್ದಿತು.

ಒಡೆಯರು ಬದಲಾದರೂ ಟಿಕ್ಕು ಉಳಿಯಿತು. ಇನ್ನೂ ಹನ್ನೆರಡು ವರ್ಷ. ಕ್ರಾಂತಿ ಮಾಡಿದವರೂ ಹಳೆಯ ಕಛೇರಿಯ ನಮೂನೆಗಳನ್ನೇ ಮುಂದುವರಿಸುವುದು ನಮಗೇನು ಹೊಸದಲ್ಲ. ಈ ನಡುವೆ ವಾದ್ಯಗಳು ಬೆಳೆದವು. 1977ರಲ್ಲಿ ಎರಡು ನೆಟ್ಟಗಿನ ಪಿಸ್ಟನ್ನುಗಳಿಗೆ ಅನುಮತಿ ಸಿಕ್ಕಿತು, ಮಂದ್ರದ ವಾದ್ಯಗಳಿಗೆ ಹಿಂದೆ ಸಾಧ್ಯವಿರದಿದ್ದ ಓಟಗಳು ಸಾಧ್ಯವಾದವು. ಬರೆಯುವವರ ಕೈ ಮುಂದೆ ಹೋಯಿತು, ಎಣಿಸುವವನ ಪೆನ್ಸಿಲು ಹಿಂದೆ ಉಳಿಯಿತು. ಮೈದಾನದಲ್ಲೂ ನೇರ ಸಾಲುಗಳು ಕರಗಿ ಹರಿಯುವ ಆಕೃತಿಗಳು ಬಂದವು. ಸಾಲೇ ಇಲ್ಲದ ಮೇಲೆ ಸಾಲಿನ ಮುಂದೆ ನಡೆಯುವ ತೀರ್ಪುಗಾರ ಎಲ್ಲಿ ನಡೆಯಬೇಕು? ಜಾರ್ಜ್ ಜಿಂಗಾಲಿ ಎಂಬ ವಿನ್ಯಾಸಕ ನ್ಯೂ ಜರ್ಸಿಯ ಗಾರ್ಫೀಲ್ಡ್ ಕೆಡೆಟ್ಸ್ ತಂಡಕ್ಕೆ ಬರೆದ ಚಲನೆಗಳು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮಾಡಿದವು.

1984ರ ಋತುವಿನಿಂದ ಟಿಕ್ ಪದ್ಧತಿ ಹೋಯಿತು. ಮೇಲಿನಿಂದ ಕಳೆಯುತ್ತ ಬರುವುದರ ಬದಲು ಕೆಳಗಿನಿಂದ ಕಟ್ಟುತ್ತ ಹೋಗುವ ಪದ್ಧತಿ ಬಂತು. ಏನನ್ನು ಕೈಗೆತ್ತಿಕೊಂಡಿದ್ದಾರೆ, ಅದನ್ನು ಎಷ್ಟರಮಟ್ಟಿಗೆ ಸಾಧಿಸಿದ್ದಾರೆ, ಈ ಎರಡು ಪ್ರಶ್ನೆಗಳು ಹಾಳೆಯ ಮೇಲೆ ಅಕ್ಕಪಕ್ಕ ಕೂತವು. 1983ರಲ್ಲಿ ಗಾರ್ಫೀಲ್ಡ್ ಕೆಡೆಟ್ಸ್ ಗೆದ್ದಾಗ ಅದಕ್ಕೆ ಬಂದ ಅಂಕ 94.4, ಮರುವರ್ಷ ಹೊಸ ಪದ್ಧತಿಯಲ್ಲಿ ಅದೇ ತಂಡ ಮತ್ತೆ ಗೆದ್ದಾಗ 98. ಒಂದೇ ವರ್ಷದಲ್ಲಿ ಹುಡುಗರು ಅಷ್ಟು ಸುಧಾರಿಸಿದರೆಂದಲ್ಲ, ಅಳತೆಗೋಲು ಬೇರೆಯಾಯಿತು. ಇದರಿಂದ ಅಂಕಗಳು ಉಬ್ಬಿದವೆಂದು ಹಳಬರು ಗೊಣಗಿದರು. ಆ ಗೊಣಗಿನಲ್ಲಿ ಸತ್ಯವೂ ಇದೆ. 2014ರಲ್ಲಿ ಬ್ಲೂ ಡೆವಿಲ್ಸ್ ತಂಡಕ್ಕೆ 99.65 ಬಂದಾಗ, ಉಳಿದ 0.35 ಯಾವ ತಪ್ಪಿಗೆ ಎಂದು ಕೇಳಿದರೆ ಉತ್ತರಿಸಲು ಈ ಪದ್ಧತಿಯಲ್ಲಿ ದಾರಿಯಿಲ್ಲ. ಟಿಕ್ಕಿನವನಾದರೆ ಮೂರು ಗೀಟು ತೋರಿಸುತ್ತಿದ್ದ.

ಆದರೆ ಮಂದ್ರದವರಿಗೆ ಇದು ದೊಡ್ಡ ಬದಲಾವಣೆ. ಇದು ಹೇಗೆಂದು ತಿಳಿಯಲು ನಮಗೆ ತಂಬೂರಿಯನ್ನು ನೆನೆಯಬೇಕಾಯಿತು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದರೆ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ನಮ್ಮವರು ಅದನ್ನು ಸ್ವಯಂಭೂ ಎಂದರು. ಹಿತ್ತಾಳೆಯ ತಂಡದಲ್ಲೂ ಇದೇ ಭೌತವಿಜ್ಞಾನ. ಹದಿನಾರು ಟ್ಯೂಬಾಗಳು ಒಂದೇ ಷಡ್ಜವನ್ನು ನಿಜವಾಗಿ ಒಂದೇ ಆಗಿ ನುಡಿಸಿದರೆ ಅದರೊಳಗೇ ಪಂಚಮ, ಗಾಂಧಾರಗಳು ಇರುತ್ತವೆ. ಮೇಲಿನವರು ತಮ್ಮ ಸ್ವರವನ್ನು ಹುಡುಕಬೇಕಿಲ್ಲ, ಇರುವ ಸ್ವರದ ಮೇಲೆ ಇಟ್ಟರೆ ಸಾಕು. ಆ ಸ್ವಯಂಭೂ ಗಾಂಧಾರ ಪಿಯಾನೋದ ಗಾಂಧಾರಕ್ಕಿಂತ ಅರ್ಧ ಸ್ವರದ ನೂರರಲ್ಲಿ ಸುಮಾರು 14 ಪಾಲಿನಷ್ಟು ಕೆಳಗಿದೆ. ಶ್ರುತಿಯಂತ್ರದ ಮುಳ್ಳನ್ನು ನೋಡಿ ನುಡಿಸುವವನು ‘ಸರಿ’ಯಾಗಿದ್ದೂ ಬೇಸೂರಾಗುತ್ತಾನೆ, ಕೆಳಗಿನವರನ್ನು ಕೇಳಿ ನುಡಿಸುವವನು ಕೂಡಿಕೊಳ್ಳುತ್ತಾನೆ. ಅಲ್ಲಿನ ಶಿಕ್ಷಕರು ಇದನ್ನು ಗೋಪುರದ ಚಿತ್ರದಿಂದ ಕಲಿಸುತ್ತಾರೆ, ಬುಡ ಅಗಲ, ತುದಿ ಚೂಪು.

ಮೇಲಿನ ಸಾಲು ಸುಶ್ರಾವ್ಯವಾಗಿ ಕೇಳಿಸಿದರೆ ಅದರ ಪುಣ್ಯದಲ್ಲಿ ಪಾಲು ಕೆಳಗಿನವರದು ಎಂಬುದನ್ನು ಗೀಟಿನಿಂದ ಬರೆಯಲಾಗದು, ಮಾತಿನಿಂದ ಹೇಳಬಹುದು. ತೀರ್ಪುಗಾರರ ಕೈಯಲ್ಲಿ ಧ್ವನಿಮುದ್ರಣ ಯಂತ್ರ ಬಂದದ್ದು ಈ ಕಾರಣಕ್ಕೆ ಮುಖ್ಯ. ಪ್ರದರ್ಶನ ನಡೆಯುವಾಗಲೇ ಅವರು ಅದಕ್ಕೆ ಮಾತಾಡುತ್ತಾರೆ, ಆ ಮುದ್ರಣ ತಂಡಕ್ಕೆ ಸೇರುತ್ತದೆ. ಆಟ ಮುಗಿದ ಮೇಲೆ ಶಿಕ್ಷಕರೂ ತೀರ್ಪುಗಾರರೂ ಎದುರುಬದುರು ಕೂತು ವಾದಿಸುವ ಸಭೆಯೂ ಉಂಟು. ನಮ್ಮ ಸೋದರಳಿಯ ತನ್ನ ಶಾಲಾ ಬ್ಯಾಂಡಿಗೆ ಬಂದ ಅಂಥದೊಂದು ಮುದ್ರಣವನ್ನು ನಮಗೆ ಕೇಳಿಸಿದ. ಹತ್ತು ನಿಮಿಷದಲ್ಲಿ ಟ್ರಂಪೆಟ್ಟಿನವರ ಬಗ್ಗೆ ಮಾತೇ ಮಾತು. ಎಂಟನೆಯ ನಿಮಿಷದಲ್ಲಿ ತೀರ್ಪುಗಾರರು ಒಂದು ಕ್ಷಣ ಸುಮ್ಮನಾಗಿ, ‘ಆಹಾ, ಟ್ಯೂಬಾಗಳೇ’ ಎನ್ನುವ ಅರ್ಥದ ಎರಡು ಪದ ಹೇಳಿ ಮುಂದೆ ಹೋಗುತ್ತಾರೆ. ಹುಡುಗ ಆ ಎರಡು ಪದಗಳನ್ನು ಕತ್ತರಿಸಿ ತನ್ನ ಫೋನಿನಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದಾನೆ.

ತೀರ್ಪುಗಾರ ಎಲ್ಲಿ ನಿಲ್ಲುತ್ತಾನೆ ಎಂಬುದೂ ತೀರ್ಪಿನ ಭಾಗವೇ. ಇಂಗ್ಲೆಂಡಿನ ಬ್ರಾಸ್ ಬ್ಯಾಂಡ್ ಸ್ಪರ್ಧೆಗಳಲ್ಲಿ (ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 1853ರಲ್ಲಿ ಆರಂಭವಾದದ್ದು ಅವುಗಳಲ್ಲಿ ಹೆಸರಾದದ್ದು) ತೀರ್ಪುಗಾರರನ್ನು ಪರದೆಯ ಮರೆಯಲ್ಲಿ ಕೂರಿಸುವ ಸಂಪ್ರದಾಯವಿದೆ, ನುಡಿಸುವವರು ಯಾರೆಂದು ಕಾಣಬಾರದು. ಅಮೆರಿಕದವರಿಗೆ ಆ ಅನುಕೂಲವಿಲ್ಲ, ನಡೆಯೂ ಪ್ರದರ್ಶನದ ಭಾಗ. ಮೈದಾನದ ಉದ್ದ 100 ಗಜ, ಅಂದರೆ 91 ಮೀಟರು. ಶಬ್ದ ಈ ತುದಿಯಿಂದ ಆ ತುದಿಗೆ ಹೋಗಲು ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ನಿಮಿಷಕ್ಕೆ 180 ಏಟಿನ ವೇಗದಲ್ಲಿ ಒಂದು ಏಟಿನ ಅವಧಿಯೇ ಸೆಕೆಂಡಿನ ಮೂರನೆಯ ಒಂದು ಭಾಗ. ಎರಡು ತುದಿಯವರು ನಿಜವಾಗಿ ಒಂದೇ ಕ್ಷಣಕ್ಕೆ ನುಡಿಸಿದರೆ ಒಂದು ತುದಿಯಲ್ಲಿ ನಿಂತವನಿಗೆ ಅವರು ಬೇರೆ ಬೇರೆಯಾಗಿ ಕೇಳಿಸುತ್ತಾರೆ. ಹಿಂದೆ ಮೂವತ್ತು ಮೀಟರು ದೂರದಲ್ಲಿರುವ ಟ್ಯೂಬಾ ಸಾಲು ಮುಂದಿನವರ ಶಬ್ದವನ್ನು ಕೇಳಿ ನುಡಿಸಿದರೆ ಮೇಲೆ ಕೂತ ಪ್ರೇಕ್ಷಕರಿಗೆ ಖಂಡಿತ ತಡವಾಗುತ್ತದೆ. ಆದ್ದರಿಂದ ಮುಂದಿನವರು ಹಿಂದಿನವರನ್ನು ಕೇಳಿ ನುಡಿಸಬೇಕೆಂಬುದು ಅಲ್ಲಿನ ಸಾಮಾನ್ಯ ಸೂತ್ರ. ಮೈದಾನದಲ್ಲಿ ನಡೆದಾಡಿ ಕೇಳುವ ತೀರ್ಪುಗಾರನಿಗೆ ವ್ಯಕ್ತಿಗಳು ಕೇಳಿಸುತ್ತಾರೆ, ಮೇಲಿನ ಅಟ್ಟದಲ್ಲಿ ಕೂತವನಿಗೆ ತಂಡ ಕೇಳಿಸುತ್ತದೆ. ಮಂದ್ರದವರ ಬೆಲೆ ತಿಳಿಯುವುದು ಮೇಲಿನವನಿಗೆ, ಅವರ ದೋಷ ತಿಳಿಯುವುದು ಕೆಳಗಿನವನಿಗೆ. ಇಬ್ಬರೂ ಇರಲಿ ಎಂದು ಈಗಿನ ಪದ್ಧತಿ ಹಿತ್ತಾಳೆಗೊಬ್ಬ, ತಾಳವಾದ್ಯಕ್ಕೊಬ್ಬ, ಒಟ್ಟು ಸಂಗೀತಕ್ಕೊಬ್ಬ ಎಂದು ಹಂಚಿದೆ. ಮೂವರದೂ ಇಪ್ಪತ್ತಿಪ್ಪತ್ತು ಅಂಕ, ಕೂಡಿಸಿ ಅರ್ಧ ಮಾಡಿದರೆ ನೂರರಲ್ಲಿ ಮೂವತ್ತು. ದೃಶ್ಯಕ್ಕೆ ಮೂವತ್ತು, ಒಟ್ಟು ಪರಿಣಾಮಕ್ಕೆ ನಲವತ್ತು. ಎಲ್ಲ ಹಿತ್ತಾಳೆಗೂ ಸೇರಿ ಉಳಿಯುವುದು ಹತ್ತು. ಮಂದ್ರದವರಿಗೆ ಪ್ರತ್ಯೇಕ ಅಂಕ ಇಂದಿಗೂ ಇಲ್ಲ.

ಹತ್ತರೊಳಗಿನ ಆ ಪಾಲು ಕ್ಷುಲ್ಲಕವೆನ್ನುವವರು 2008ರ ಅಂತಿಮ ರಾತ್ರಿಯನ್ನು ನೋಡಬೇಕು. ಇಲಿನಾಯ್ ರಾಜ್ಯದ ರಾಕ್‌ಫರ್ಡಿನ ಫ್ಯಾಂಟಮ್ ರೆಜಿಮೆಂಟ್ ಸ್ಪಾರ್ಟಕಸ್‌ನ ಕಥೆಯನ್ನು ಆಡಿ 98.125 ಪಡೆಯಿತು, ಬ್ಲೂ ಡೆವಿಲ್ಸ್‌ಗೆ 98.100. ನಡುವೆ 0.025. ಹಳೆಯ ಟಿಕ್ಕೊಂದರ ನಾಲ್ಕನೆಯ ಒಂದು ಭಾಗ! ಸರಾಸರಿ ತೆಗೆದು ಅರ್ಧ ಮಾಡುವಾಗ ಇಂಥ ಭಿನ್ನರಾಶಿಗಳು ಹುಟ್ಟುತ್ತವೆ. ಹಾಳೆಗಳ ಮೇಲಿನ ಯಾವ ಒಂದು ಅಂಕ ಎತ್ತ ಸರಿದಿದ್ದರೂ ಫಲಿತಾಂಶ ಬೇರೆಯಾಗುತ್ತಿತ್ತು. ಫ್ಯಾಂಟಮ್ ರೆಜಿಮೆಂಟ್ ಬಹುಕಾಲದಿಂದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ತುಂಬಿದ ಮಂದ್ರದ ನಾದವನ್ನೂ ಪ್ರೀತಿಸಿಕೊಂಡು ಬಂದ ತಂಡವೆಂಬುದು ನಮ್ಮ ಪಕ್ಷಪಾತಕ್ಕೆ ಕಾರಣವಾಗಿದ್ದರೆ ಓದುಗರು ಕ್ಷಮಿಸಬೇಕು.

ವಾದ್ಯಗಳ ಕಥೆ ಬೇಗ ಹೇಳಿ ಮುಗಿಸಬಹುದು. 1990ರಲ್ಲಿ ಮೂರನೆಯ ಕವಾಟ, 2000ದಲ್ಲಿ ‘ಜಿ’ ಶ್ರುತಿಯ ಕಡ್ಡಾಯ ಹೋಯಿತು, 2014ರಲ್ಲಿ ಟ್ರೊಂಬೋನ್‌ಗೂ ಬಾಗಿಲು ತೆರೆಯಿತು. ಬ್ಯೂಗಲ್ ಎಂಬುದು ಹೆಸರಿನಲ್ಲಿ ಮಾತ್ರ ಉಳಿಯಿತು.

ಇದಕ್ಕಿಂತ ಮಂದ್ರದವರ ಹೊಟ್ಟೆಗೆ ಹೊಡೆದದ್ದು ವಿದ್ಯುತ್ತು. 2004ರಲ್ಲಿ ಧ್ವನಿವರ್ಧಕಕ್ಕೂ 2009ರಲ್ಲಿ ಎಲೆಕ್ಟ್ರಾನಿಕ್ ವಾದ್ಯಗಳಿಗೂ ಒಪ್ಪಿಗೆ ಸಿಕ್ಕಿತು. ಮೈದಾನದ ಅಂಚಿನಲ್ಲಿ ಸಿಂಥಸೈಜರ್ ಇಟ್ಟು, ಟ್ಯೂಬಾಗಳು ನುಡಿಸುವ ಸ್ವರವನ್ನೇ ದೊಡ್ಡ ಸ್ಪೀಕರುಗಳಿಂದ ಕೆಳಗಿನಿಂದ ತುಂಬುವ ಪರಿಪಾಠ ಬೇಗನೆ ಹಬ್ಬಿತು. ಪ್ರೇಕ್ಷಕರ ಎದೆ ಕಂಪಿಸುತ್ತದೆ ನಿಜ. ಆದರೆ ಯಾರಿಂದ? ಹಿತ್ತಾಳೆಯ ತೀರ್ಪುಗಾರ ಯಾವುದಕ್ಕೆ ಅಂಕ ಕೊಡಬೇಕು? ಮಂದ್ರದ ಸ್ವಭಾವವೇ ದಿಕ್ಕು ತೋರದಿರುವುದು. ಹದಿನಾರು ಮಂದಿಯ ಉಸಿರನ್ನೂ ಒಂದು ಬೆರಳಿನ ಒತ್ತನ್ನೂ ದೂರದಿಂದ ಬೇರ್ಪಡಿಸುವುದು ಕಷ್ಟ. ಚೆನ್ನಾಗಿ ನುಡಿಸಿದ ಟ್ಯೂಬಾ ಸಾಲಿನ ಮೇಲೆ ಯಂತ್ರದ ಶ್ರೇಯ, ಕೆಟ್ಟದಾಗಿ ನುಡಿಸಿದ ಸಾಲಿನ ಮೇಲೆ ಯಂತ್ರದ ಹೊದಿಕೆ. ಟಿಕ್ಕಿನ ಕಾಲದಲ್ಲಿ ಕೇಳಿಸದೆ ಹೋದವರು ಈಗ ಇನ್ನೊಂದು ಕಾರಣಕ್ಕೆ ಕೇಳಿಸದೆ ಹೋಗುತ್ತಾರೆ. ಯಂತ್ರದ ನೆರವು ವಿನ್ಯಾಸದ ಸ್ವಾತಂತ್ರ್ಯ ಎನ್ನುವವರ ವಾದ ನಮಗೆ ಗೊತ್ತು. ರಂಗಭೂಮಿಗೆ ಅದು ಸರಿ. ಇಪ್ಪತ್ತರ ಹುಡುಗನೊಬ್ಬ ಬೇಸಿಗೆಯುದ್ದಕ್ಕೂ ಹೊತ್ತು ತಿರುಗಿದ ವಾದ್ಯದ ಸದ್ದಿಗೆ ಬೆಲೆ ಕಟ್ಟುವ ಜಾಗದಲ್ಲಿ ಅದು ನಮಗೆ ಸರಿಕಾಣುವುದಿಲ್ಲ. ಸೋದರಳಿಯನನ್ನು ಕೇಳಿದಾಗ ಅವನು, ‘ಹತ್ತಿರ ಬಂದು ಕೇಳಿದ್ರೆ ಗೊತ್ತಾಗುತ್ತೆ ಮಾವ. ಹತ್ತಿರ ಬರಬೇಕು ಅಷ್ಟೇ’ ಎಂದ.

ಈ ವರ್ಷವೂ ರಾಜ್ಯೋತ್ಸವದ ಸ್ಪರ್ಧೆಗೆ ಕರೆ ಬಂತು. ಅಂಕಪಟ್ಟಿಯ ನಮೂನೆಯಲ್ಲಿ ‘ತಪ್ಪುಗಳು’ ಎಂಬ ಅಂಕಣವನ್ನು ತೆಗೆದು ‘ಕೂಡಿಕೆ’ ಎಂದು ಸೇರಿಸಬಹುದೇ ಎಂದು ಕಾರ್ಯದರ್ಶಿಗಳಿಗೆ ಬರೆದೆವು. ನಮೂನೆ ಆಗಲೇ ಅಚ್ಚಾಗಿದೆ ಎಂದರು. ಹಾಗಾದರೆ ಮೂವರು ತೀರ್ಪುಗಾರರು ಒಂದೇ ಮೇಜಿನ ಹಿಂದೆ ಕೂರುವ ಬದಲು ಒಬ್ಬರು ಸಭಾಂಗಣದ ಹಿಂದುಗಡೆ, ಒಬ್ಬರು ವೇದಿಕೆಯ ಪಕ್ಕದಲ್ಲಿ ಕೂರಲಿ ಎಂದೆವು. ಅದಕ್ಕೆ ಒಪ್ಪಿದರು, ಕುರ್ಚಿ ಸರಿಸುವುದಕ್ಕೆ ಖರ್ಚಿಲ್ಲವಲ್ಲ. ನಾವು ವೇದಿಕೆಯ ಪಕ್ಕದ ಕುರ್ಚಿಯನ್ನು ಆರಿಸಿಕೊಂಡೆವು. ಐದನೆಯ ತಂಡದಲ್ಲಿ ಆ ಹುಡುಗನಿದ್ದ, ಒಂದು ಗೇಣು ಬೆಳೆದಿದ್ದ, ಈ ಸಲವೂ ಹಿಂದಿನ ಸಾಲು. ಹಾಡು ಶುರುವಾಗುವ ಮೊದಲು ಶ್ರುತಿಪೆಟ್ಟಿಗೆಯ ಕಡೆಗೆ ತಲೆ ಬಗ್ಗಿಸಿ ಷಡ್ಜವನ್ನು ಒಮ್ಮೆ ಮೆಲ್ಲಗೆ ಹಿಡಿದು ನೋಡಿಕೊಂಡ. ನಾವು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟೆವು.